ಅಡುಗೆಮನೆಗೊಂದು ಕಿಟಕಿ

"ಬಾಗಿಲು ಹಾಕ್ಕೊಳ್ಳೇ, ಬಟ್ಟೆಗೆಲ್ಲ ಹೊಗೆ ವಾಸನೆ ಹಿಡಿಯುತ್ತೆ!"

ದರ್ಜಿ ಅಂದದ್ದು ಇಷ್ಟೇ. ಬೈದಿರಲಿಲ್ಲ, ಗದರಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತ, ಕತ್ತು ಕೂಡ ಎತ್ತದೆ, ಹಿಂದಿನ ಅಡುಗೆಮನೆಯ ಕಡೆಗೆ ಒಂದು ಮಾತು ಎಸೆದಿದ್ದ. ಒಳಗೆ ಕೆಮ್ಮುತ್ತಿದ್ದ ಹೆಂಡತಿ ಕೆಮ್ಮು ನಿಲ್ಲಿಸಿದಳು. ಒಲೆ ಆರಿತು. ಪಾತ್ರೆಯೊಂದು ಬೇಕಾದ್ದಕ್ಕಿಂತ ಜೋರಾಗಿ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಅವಳು ಚೀಲ ಹಿಡಿದು ಎದುರು ಬಂದು ನಿಂತಾಗ ಕಣ್ಣೆರಡೂ ಕೆಂಪಗಾಗಿದ್ದವು. ಅದು ಹೊಗೆಯ ಕೆಂಪೋ ಸಿಟ್ಟಿನ ಕೆಂಪೋ ಎಂದು ಅವನು ತೀರ್ಮಾನಿಸುವಷ್ಟರಲ್ಲಿ ಅವಳು ಹೊಸ್ತಿಲು ದಾಟಿಯಾಗಿತ್ತು.

"ಅಕ್ಕನ ಮನೆಗೆ ಹೋಗ್ತಿದೀನಿ. ಅಡುಗೆಮನೆಗೆ ಒಂದು ಕಿಟಕಿ ಆದಮೇಲೆ ತಿಳಿಸಿ, ಬರ್ತೀನಿ. ಅಲ್ಲೀವರೆಗೂ ನಿಮ್ಮ ಬಟ್ಟೆಗಳು ಘಮಘಮ ಅಂತಿರಲಿ."

ಇದಾಗಿ ಒಂದು ವಾರವಾಗಿತ್ತು. ಆ ವಾರದಲ್ಲಿ ದರ್ಜಿ ಕೈ ಸುಟ್ಟುಕೊಂಡಿದ್ದ, ಪಾತ್ರೆ ಸೀಯಿಸಿದ್ದ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಲು ಹೆಂಡತಿಗೆ ಫೋನ್ ಮಾಡಿ ಬೈಸಿಕೊಂಡಿದ್ದ. ಕಿಟಕಿಯಿಲ್ಲದ ಆ ಕತ್ತಲೆ ಕೋಣೆಯಲ್ಲಿ ಒಂದು ಹೊತ್ತು ಬೇಯಿಸಿದ ಮೇಲೆ, ಅವಳು ಇಷ್ಟು ವರ್ಷ ಯಾಕೆ ಹೋಗಿರಲಿಲ್ಲ ಎಂಬುದೇ ಅವನಿಗೆ ಸೋಜಿಗವಾಯಿತು. ಅವಳು ಬೇಕಾಗಿದ್ದಳು. ಅಡುಗೆಗೂ ಬೇಕಾಗಿದ್ದಳು, ಅಡುಗೆಯಾಚೆಗೂ ಬೇಕಾಗಿದ್ದಳು. ಸಂಜೆ ಮಿಷನ್ ನಿಂತ ಮೇಲೆ ಮನೆಯೊಳಗಿನ ಮೌನ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಬೇರೆ ಯಾರ ಮನೆಯಾಗಿದ್ದರೂ ಗೋಡೆಗೊಂದು ಕಿಟಕಿ ಇಡುವುದು ಒಂದು ದಿನದ ಕೆಲಸ. ಆದರೆ ದರ್ಜಿಯದು ಸಂರಕ್ಷಿತ ಮನೆ. ಹಳ್ಳಿಯಲ್ಲಿ ಉಳಿದಿದ್ದ ಒಂದೇ ಒಂದು ಪುರಾತನ ಇಟ್ಟಿಗೆ ಮನೆ. ಇಟ್ಟಿಗೆಗಳು ಈಗಿನವುಗಳಂತೆ ದಡೂತಿಯಲ್ಲ. ಅಂಗೈ ಅಗಲದ, ತೆಳ್ಳನೆಯ, ಹದವಾಗಿ ಬೆಂದ ಇಟ್ಟಿಗೆಗಳು, ಒಂದು ಉದ್ದ ಒಂದು ಅಡ್ಡ ಎಂದು ಸುಣ್ಣದ ಗಾರೆಯಲ್ಲಿ ಸಾಲಾಗಿ ಕೂತಿದ್ದವು. ಎಡಕ್ಕೂ ಬಲಕ್ಕೂ ಬೇರೆಯವರ ಮನೆಗಳು ಅಂಟಿಕೊಂಡಿದ್ದರಿಂದ ಬೆಳಕು ಬರುವುದಿದ್ದರೆ ಮುಂದಿನಿಂದ ಬರಬೇಕು, ಇಲ್ಲವೇ ಹಿಂದಿನಿಂದ. ಮುಂದೆ ಬೀದಿಬಾಗಿಲಿತ್ತು, ಅದರ ಬೆಳಕಿನಲ್ಲೇ ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದದ್ದು. ಹಿಂದೆ ಅಡುಗೆಮನೆ, ಅಲ್ಲಿ ಬರೀ ಗೋಡೆ. ಮೇಲೊಂದು ಅಟ್ಟವಿತ್ತು, ಮಲಗುವುದಕ್ಕೆ ಮಾತ್ರ. ಅಲ್ಲಿ ನೆಟ್ಟಗೆ ನಿಂತವರ ನೆತ್ತಿ ತೊಲೆಗೆ ಬಡಿಯುತ್ತಿತ್ತು.

ಸಂರಕ್ಷಣಾ ಕಚೇರಿಯವರು ಮನೆಯ ಮುಂದೆ ಒಂದು ಕಂಬ ನೆಟ್ಟು ಫಲಕ ಹಾಕಿದ್ದರು: ಈ ಕಟ್ಟಡದ ಒಂದು ಇಟ್ಟಿಗೆಯನ್ನೂ ಮುಟ್ಟತಕ್ಕದ್ದಲ್ಲ. ಫಲಕಕ್ಕೆ ಕಂಬ ಯಾಕೆ ಅಂದರೆ ಗೋಡೆಗೆ ಮೊಳೆ ಹೊಡೆಯಕೂಡದು. ಅದೇ ಕಾರಣಕ್ಕೆ ದರ್ಜಿಯ ಅಂಗಡಿಯ ಬೋರ್ಡು ಒಂದು ಕುರ್ಚಿಯ ಮೇಲೆ ಕೂತಿತ್ತು, ಕ್ಯಾಲೆಂಡರು ತೊಲೆಯಿಂದ ಹಗ್ಗದಲ್ಲಿ ನೇತಾಡುತ್ತಿತ್ತು. ಅಡುಗೆಮನೆಯ ಹೊಗೆಗೂಡನ್ನು ಮಳೆನೀರು ಇಳಿದು ಇಟ್ಟಿಗೆ ಹಾಳಾಗುತ್ತದೆಂದು ಕಚೇರಿಯವರೇ ಬಿರಡೆ ಹಾಕಿ ಮುಚ್ಚಿದ್ದರು. ಗೋಡೆಗೆ ಸಿಮೆಂಟ್ ತಾಗಿಸಬೇಡಿ, ಹಳೇ ಇಟ್ಟಿಗೆ ಉಸಿರಾಡಬೇಕು ಎಂದು ಬುದ್ಧಿ ಹೇಳಿದ್ದರು. "ಇಟ್ಟಿಗೆ ಉಸಿರಾಡಬೇಕಂತೆ. ನಾನು?" ಎಂದು ಹೆಂಡತಿ ಅವತ್ತೇ ಕೇಳಿದ್ದಳು. ಆ ಪ್ರಶ್ನೆಗೆ ಕಚೇರಿಯಿಂದ ಇನ್ನೂ ಉತ್ತರ ಬಂದಿರಲಿಲ್ಲ.

ಈ ದಿನ ಸಂಜೆ ಅದೇ ಕಚೇರಿಯ ಅಧಿಕಾರಿ ಮೇಡಂ ವಾರ್ಷಿಕ ತಪಾಸಣೆಗೆ ಬರುವವರಿದ್ದರು.

ಬೆಳಿಗ್ಗೆ ಅಂಗಡಿಗೆ ಮೊದಲು ಬಂದವರು ರಿಟೈರಾದ ಮೇಷ್ಟ್ರು. ಹೊಸ ಕೋಟಿನ ಅಳತೆ ನೋಡಲು ಬಂದಿದ್ದರು. ಕೋಟಿಗೆ ಒಂದೇ ತೋಳು ಕೂಡಿಸಿ ಆಗಿತ್ತು; ಅದನ್ನೇ ತೊಟ್ಟು, ಮೈಯೆಲ್ಲ ಗುಂಡುಪಿನ್ನು ಚುಚ್ಚಿಸಿಕೊಂಡು, ಕದಲದೆ ನಿಂತಿದ್ದರು. ಅಷ್ಟರಲ್ಲಿ ಗಾರೆ ಕೆಲಸದವನು ಪ್ಯಾಂಟು ತೆಗೆದುಕೊಂಡು ಹೋಗಲು ಬಂದ. ಊರೆಲ್ಲ ಅವನನ್ನು ಮಟ್ಟಗೋಲು ಎಂದು ಕರೆಯುತ್ತಿತ್ತು. ತಾನು ಕಟ್ಟಿದ ಪ್ರತಿ ಗೋಡೆಯ ಮುಂದೆಯೂ ಒಂದು ಕಣ್ಣು ಮುಚ್ಚಿ ನಿಂತು "ಮಟ್ಟ ನೋಡಿ, ಮಟ್ಟ!" ಎನ್ನುವುದು ಅವನ ವಾಡಿಕೆ. ಹಾಗೆ ಅನ್ನಲು ಅವನು ಕತ್ತನ್ನೂ ಸ್ವಲ್ಪ ಓರೆ ಮಾಡಬೇಕಾಗುತ್ತಿತ್ತು ಎಂಬುದು ಬೇರೆ ಮಾತು.

"ಏನಣ್ಣ, ಅತ್ತಿಗೆ ಬಂದ್ರಾ?" ಎಂದ ಮಟ್ಟಗೋಲು.

"ಕಿಟಕಿ ಬಂದ್ರೆ ಅತ್ತಿಗೆ ಬರ್ತಾಳೆ. ಕಿಟಕಿ ಹೇಗೆ ಬರುತ್ತೆ? ಹೋದ ವರ್ಷ ಮೇಡಂ ಕಾಲು ಹಿಡಿಯೋದೊಂದು ಬಾಕಿ. ಹೊಸದಾಗಿ ಒಂದು ಬೆರಳು ತೂರೋಷ್ಟು ಸಂದನ್ನೂ ಕೊಡಕ್ಕಾಗಲ್ಲ ಅಂದ್ರು. ಮೊದಲಿದ್ದು ಆಮೇಲೆ ಮುಚ್ಚಿಹೋಗಿದ್ರೆ ಮಾತ್ರ ತೆಗೀಬಹುದಂತೆ. ಅದು ಬದಲಾವಣೆ ಅಲ್ವಂತೆ, ಪುನಃಸ್ಥಾಪನೆಯಂತೆ."

ಮಟ್ಟಗೋಲು ಪ್ಯಾಂಟನ್ನು ಪಕ್ಕಕ್ಕಿಟ್ಟ. "ಇದನ್ನ ಒಂದು ವರ್ಷ ಹೊಟ್ಟೇಲಿ ಇಟ್ಕೊಂಡಿದೀಯಲ್ಲಣ್ಣ! ಇಷ್ಟು ಹಳೇ ಮನೆ. ಅಡುಗೆಮನೆಗೆ ಕಿಟಕಿ ಇಲ್ಲದೆ ಯಾವನಾದ್ರೂ ಕಟ್ತಾನಾ? ಇದ್ದೇ ಇತ್ತು. ಯಾರೋ ಮುಚ್ಚಿ ಮೇಲೆ ಗಾರೆ ಮೆತ್ತಿದಾರೆ. ಗೋಡೆ ತಟ್ಟಿದ್ರೆ ನನಗೆ ಗೊತ್ತಾಗುತ್ತೆ."

"ಗಾರೆ ಕೆರೆದರೆ ಇಟ್ಟಿಗೆ ಮುಟ್ಟಿದ ಹಾಗಾಗಲ್ವಾ?" ದರ್ಜಿಗೆ ಭಯ.

"ಗಾರೆ ಬೇರೆ, ಇಟ್ಟಿಗೆ ಬೇರೆ," ಎಂದು ಮೇಷ್ಟ್ರು ಪಿನ್ನು ಚುಚ್ಚಿದ ಕೈಯನ್ನೇ ಎತ್ತಿ ತೀರ್ಪು ಕೊಟ್ಟರು. "ಫಲಕದಲ್ಲಿ ಇಟ್ಟಿಗೆ ಅಂತಲೇ ಇದೆ. ನಾನು ಓದಿದೀನಿ." ಹೀಗೆ ಹೇಳಿ ಒಂದು ತೋಳಿನ ಕೋಟಿನಲ್ಲೇ ಎಲ್ಲರಿಗಿಂತ ಮೊದಲು ಅಡುಗೆಮನೆ ಹೊಕ್ಕರು. ದರ್ಜಿ "ಮೇಷ್ಟ್ರೇ, ಪಿನ್ನು, ಪಿನ್ನು" ಎನ್ನುತ್ತ ಹಿಂದೆ ಓಡಿದ.

ಮಟ್ಟಗೋಲು ಕಿವಿಯನ್ನು ಗೋಡೆಗೆ ಹಚ್ಚಿ, ಸೊಂಟಕ್ಕೆ ಸಿಕ್ಕಿಸಿದ್ದ ಕರಣೆಯ ಹಿಡಿಯಿಂದ ತಟ್ಟುತ್ತ ಹೋದ. ಡಾಕ್ಟರೂ ಅಷ್ಟು ಗಂಭೀರವಾಗಿ ಯಾರ ಎದೆಯನ್ನೂ ತಟ್ಟಿರಲಾರರು. ಗೋಡೆಯ ನಡುಮಧ್ಯ ಬರುತ್ತಿದ್ದಂತೆ ಸದ್ದು ಬದಲಾಯಿತು. ಆತ ಕಣ್ಣರಳಿಸಿದ. "ಕೇಳಿಸ್ತಾ?"

ಯಾರಿಗೂ ಏನೂ ಕೇಳಿಸಿರಲಿಲ್ಲ. ಆದರೂ ಮೂವರೂ ತಲೆಯಾಡಿಸಿದರು. ಮೂರನೆಯವಳು ಎದುರುಮನೆಯಾಕೆ. ಅವಳು ಯಾವಾಗ ಬಂದಳೆಂದು ದರ್ಜಿ ನೋಡಿರಲಿಲ್ಲ. ಅವಳು ಬರುವುದನ್ನು ಇದುವರೆಗೆ ಯಾರೂ ನೋಡಿರಲಿಲ್ಲ, ಬಂದಿರುವುದನ್ನಷ್ಟೇ ನೋಡುತ್ತಿದ್ದರು. ದರ್ಜಿಯ ಹೆಂಡತಿ ಹೋದಂದಿನಿಂದ ಇವನ ದಿನಚರಿಯನ್ನೆಲ್ಲ ಅವಳಿಗೆ ಫೋನಿನಲ್ಲಿ ಮುಟ್ಟಿಸುವ ಹೊಣೆಯನ್ನು ತಾನೇ ಹೊತ್ತುಕೊಂಡಿದ್ದಳು.

"ಕೆರೀರಿ, ಕೆರೀರಿ," ಎಂದಳು ಅವಳು. "ಪಾಪ, ಅವಳೂ ಎಷ್ಟು ದಿನ ಅಂತ ಅಕ್ಕನ ಮನೇಲಿರ್ತಾಳೆ?"

ಕರಣೆಗೆ ಗಾರೆ ಹಕ್ಕಳೆ ಹಕ್ಕಳೆಯಾಗಿ ಕಳಚಿ ಬಿತ್ತು. ಮನೆಯೊಳಗೆಲ್ಲ ಸುಣ್ಣದ ಧೂಳು. ಮುಂದಿನ ಕೋಣೆಯಲ್ಲಿ ಇಸ್ತ್ರಿಯಾಗಿ ತೂಗುಹಾಕಿದ್ದ ಕರಿಯ ಬಟ್ಟೆಗಳು ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಕಂಡು ದರ್ಜಿ ಒಂದೊಂದನ್ನೇ ಕೊಡವತೊಡಗಿದ. ಅಷ್ಟರಲ್ಲಿ ಒಳಗಿನಿಂದ ಮಟ್ಟಗೋಲು ಕೂಗಿದ.

"ಬಂತಣ್ಣ! ಕಮಾನು ಬಂತು!"

ನಿಜಕ್ಕೂ ಬಂದಿತ್ತು. ಗಾರೆಯ ಕೆಳಗಿನಿಂದ ಇಟ್ಟಿಗೆಗಳು ನಿಂತ ಭಂಗಿಯಲ್ಲಿ, ಭುಜಕ್ಕೆ ಭುಜ ಕೊಟ್ಟು, ಬಿಲ್ಲಿನಂತೆ ಬಾಗಿ ಬಂದಿದ್ದವು. ಕಮಾನಿನ ಒಳಗೆ ತುಂಬಿದ್ದ ಇಟ್ಟಿಗೆಗಳು ಬೇರೆಯೇ ಜಾತಿಯವು: ಒರಟು, ಓರೆಕೋರೆ. ಯಾರೋ ಆತುರದಲ್ಲಿ ಮುಚ್ಚಿದ್ದು ಎಂಬುದು ದರ್ಜಿಗೂ ತಿಳಿಯುವಂತಿತ್ತು. ಅವನ ಕಣ್ಣಲ್ಲಿ ನೀರಾಡಿತು. ಮೇಷ್ಟ್ರು ಒಂದು ತೋಳಿನಲ್ಲಿ ಅವನನ್ನು ತಬ್ಬಿಕೊಂಡು ನಾಲ್ಕು ಪಿನ್ನು ಚುಚ್ಚಿದರು.

ಎದುರುಮನೆಯಾಕೆ ಆಗಲೇ ಫೋನ್ ಕಿವಿಗೆ ಇಟ್ಟಾಗಿತ್ತು. "ಹೂಂ ಕಣೇ, ಸಿಕ್ತು! ಎಷ್ಟು ಚೆನ್ನಾಗಿದೆ ಗೊತ್ತಾ ಕಿಟಕಿ? ಇಲ್ಲ ಇಲ್ಲ, ನಾನೇ ಕಣ್ಣಾರೆ ನೋಡ್ತಿದೀನಿ. ಸಂಜೆ ಬಸ್ಸಿಗೇ ಬಂದ್ಬಿಡು." ಫೋನ್ ಇಟ್ಟು, "ಬರ್ತಾಳಂತೆ," ಎಂದು ಪ್ರಕಟಿಸಿದಳು.

ದರ್ಜಿಗೆ ಹೊಟ್ಟೆಯೊಳಗೆ ಹಾಲು ಹೊಯ್ದ ಹಾಗಾಯಿತು. "ಸಾಕು ಕಣೋ, ನಿಲ್ಲಿಸು," ಎಂದ.

"ಕಿಟಕಿಯ ಕೆಳಗಡೆ ಅಂಚು ಬರಬೇಕಲ್ಲಣ್ಣ? ಅದು ಕಾಣದಿದ್ರೆ ಮೇಡಂ ಕಿಟಕಿ ಅಂತ ಹೇಗೆ ಒಪ್ತಾರೆ?"

ಮಟ್ಟಗೋಲು ಎದೆಯ ಮಟ್ಟಕ್ಕೆ ಕೆರೆದ. ಅಂಚು ಬರಲಿಲ್ಲ. "ಸ್ವಲ್ಪ ದೊಡ್ಡ ಕಿಟಕಿ," ಎಂದ. ಸೊಂಟದ ಮಟ್ಟಕ್ಕೆ ಕೆರೆದ. ಅಂಚಿಲ್ಲ. "ಶ್ರೀಮಂತರು ಕಣಣ್ಣ ಆಗಿನವರು, ಗಾಳಿ ಧಾರಾಳವಾಗಿ ಬರಲಿ ಅಂತ ಇಟ್ಟಿದಾರೆ." ಮೊಣಕಾಲಿನ ಮಟ್ಟಕ್ಕೆ ಬಂದ. ಬೆವರು ಒರೆಸಿಕೊಂಡು, "ಕೂತ್ಕೊಂಡು ನೋಡೋ ಕಿಟಕಿ ಇರಬೇಕು," ಎಂದ. ಕೊನೆಗೆ ಕರಣೆ ನೆಲಕ್ಕೆ ತಾಗಿ ಕಿರ್ ಎಂದಿತು. ಅಲ್ಲೊಂದು ಉದ್ದನೆಯ ಕಲ್ಲು ಮಲಗಿತ್ತು. ಅದರ ನಡುಭಾಗ ಸವೆದು ತಗ್ಗಾಗಿ ನುಣ್ಣಗೆ ಹೊಳೆಯುತ್ತಿತ್ತು.

ನಾಲ್ವರೂ ಆ ಕಲ್ಲನ್ನು ನೋಡಿದರು. ಕಿಟಕಿಯಲ್ಲಿ ಕಾಲಿಟ್ಟು ಓಡಾಡಿ ಕಲ್ಲು ಸವೆಸುವವರು ಯಾರೂ ಇರುವುದಿಲ್ಲ.

"ಇದು ಬಾಗಿಲು," ಎಂದರು ಮೇಷ್ಟ್ರು, ತಮ್ಮ ಶೋಧವೆಂಬಂತೆ.

"ಬಾಗಿಲಾದ್ರೇನು? ಕಿಟಕಿಗಿಂತ ಗಾಳಿ ಜಾಸ್ತಿ," ಎಂದ ಮಟ್ಟಗೋಲು.

"ಗಾಳಿ ಜಾಸ್ತಿ, ತಾಪತ್ರಯವೂ ಜಾಸ್ತಿ," ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹೋದ ವರ್ಷ ಇವನು ಅರ್ಜಿ ಕೊಟ್ಟದ್ದು ಕಿಟಕಿಗೆ. ಈಗ ಬಾಗಿಲು ಅಂದ್ರೆ ಫೈಲು ಬೇರೆ ಮೇಜಿಗೆ ಹೋಗುತ್ತೆ. ಬಾಗಿಲಿನ ಮೇಜಿನವರು ಅದನ್ನ ನೋಡೋ ಹೊತ್ತಿಗೆ ನಾವು ಯಾರೂ ಇರಲ್ಲ. ಕೆಳಗಿನ ಅರ್ಧ ಕಾಣಿಸಬಾರದು. ಮೇಲಿನ ಅರ್ಧ ನೋಡಿ ಕಿಟಕಿ ಅಂತ ಬರ್ಕೊಂಡು ಹೋಗಲಿ."

ದರ್ಜಿಗೆ ತಲೆ ಕೆಟ್ಟುಹೋಗಿತ್ತು. ಮೇಷ್ಟ್ರ ಮಾತು ಕೇಳಿದರೆ ಕೆಡುತ್ತದೆಂದು ಒಳಮನಸ್ಸು ಹೇಳುತ್ತಿತ್ತು. ಆದರೆ ಹೆಂಡತಿ ಸಂಜೆ ಬಸ್ಸಿಗೆ ಬರುತ್ತಾಳೆ. ಬಂದವಳಿಗೆ ಕೆರೆದ ಗೋಡೆ ತೋರಿಸಿ ಫೈಲಿನ ಕತೆ ಹೇಳಿದರೆ ಅದೇ ಬಸ್ಸು ತಿರುಗುವುದರೊಳಗೆ ಹತ್ತಿ ಹೋಗುತ್ತಾಳೆ. ಅವನು ಮೂಲೆಯಲ್ಲಿದ್ದ ಧಾನ್ಯದ ತಗಡಿನ ಡ್ರಮ್ಮನ್ನು ಉರುಳಿಸಿಕೊಂಡು ಬಂದು ಕಮಾನಿನ ಕೆಳಗೆ ನಿಲ್ಲಿಸಿದ. ಡ್ರಮ್ಮು ಸಾಲಲಿಲ್ಲ. ಪಕ್ಕಕ್ಕೆ ಒಂದು ಮೇಜು, ಮೇಜಿನ ಮೇಲೆ ಬಟ್ಟೆಯ ಗಂಟು. ಕಲ್ಲಿನ ಮೇಲೆ ಒಂದು ಹಳೇ ಪರದೆ.

ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು. ಸಂಜೆ ಬರಬೇಕಾದವರು ಮಧ್ಯಾಹ್ನವೇ ಬಂದಿದ್ದರು.

"ಡ್ರಮ್ಮು ಯಾಕೆ ಇಲ್ಲಿದೆ ಅಂದ್ರೆ?" ದರ್ಜಿ ಕೇಳಿದ.

"ನಾನು ಕೂತಿರ್ತೀನಿ. ಹಿರಿಯರನ್ನ ಎದ್ದೇಳಿ ಅನ್ನಲ್ಲ ಯಾರೂ," ಎಂದು ಮೇಷ್ಟ್ರು ಡ್ರಮ್ಮಿನ ಮುಚ್ಚಳದ ಮೇಲೆ ಹತ್ತಿ ಕೂತರು.

ಅಧಿಕಾರಿ ಮೇಡಂ ಒಳಗೆ ಬಂದರು. ಕೈಯಲ್ಲಿ ಟಾರ್ಚು, ಕೊರಳಲ್ಲಿ ಕ್ಯಾಮೆರಾ. ಎಂದೂ ನಗದವರು ಎಂದು ಹೆಸರಾದವರು. ಸುಣ್ಣದ ಧೂಳಿನಲ್ಲಿ ಮುಳುಗಿದ್ದ ನಾಲ್ಕು ಮುಖಗಳನ್ನೂ, ಒಂದು ತೋಳಿನ ಕೋಟು ತೊಟ್ಟು ಡ್ರಮ್ಮಿನ ಮೇಲೆ ವಿರಾಜಮಾನರಾಗಿದ್ದ ಹಿರಿಯರನ್ನೂ ನೋಡಿದರು. ಆಮೇಲೆ ಗೋಡೆ ನೋಡಿದರು.

"ಯಾರು ಕೆರೆದದ್ದು?"

"ತಾನಾಗೇ ಉದುರಿತು ಮೇಡಂ," ಎಂದ ಮಟ್ಟಗೋಲು, ಕರಣೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು.

"ಇಷ್ಟು ನೀಟಾಗಿ?"

"ಹಳೇ ಕಾಲದ ಗಾರೆ ಮೇಡಂ. ಉದುರಿದರೂ ಶಿಸ್ತಾಗಿ ಉದುರುತ್ತೆ."

ಮೇಡಂ ಹತ್ತಿರ ಹೋಗಿ ಟಾರ್ಚು ಬಿಟ್ಟು ಕಮಾನಿನ ಇಟ್ಟಿಗೆಗಳ ಮೇಲೆ ಬೆರಳಾಡಿಸಿದರು. ದರ್ಜಿ, "ಅಡುಗೆಮನೆ ಕಿಟಕಿ ಮೇಡಂ, ಮೊದಲಿತ್ತು, ಮುಚ್ಚಿಹೋಗಿದೆ," ಎಂದು ಒಂದೇ ಉಸಿರಿನಲ್ಲಿ ಒದರಿದ.

"ಕಿಟಕಿಗೆ ಇಷ್ಟು ಅಗಲದ ಕಮಾನು ಯಾಕೆ? ಯಜಮಾನರೇ, ಸ್ವಲ್ಪ ಏಳ್ತೀರಾ? ಕೆಳಗೆ ನೋಡಬೇಕು."

"ಮಂಡಿ ನೋವು," ಎಂದರು ಮೇಷ್ಟ್ರು.

"ಕೈ ಕೊಡ್ತೀನಿ, ಬನ್ನಿ."

"ಕೈ ಹಿಡಿದರೆ ಪಿನ್ನು ಚುಚ್ಚುತ್ತೆ ಮೇಡಂ," ದರ್ಜಿ ಅಡ್ಡ ಬಂದ.

ಈ ಮಾತು ಮುಗಿಯುವ ಮೊದಲೇ ಡ್ರಮ್ಮಿನ ತಗಡಿನ ಮುಚ್ಚಳ ಗರ್ರ್ ಎಂದು ಒಳಕ್ಕೆ ಬಾಗಿತು. ಮೇಷ್ಟ್ರು ಕೂತ ಭಂಗಿಯಲ್ಲೇ ನಿಧಾನವಾಗಿ ಧಾನ್ಯದೊಳಕ್ಕೆ ಇಳಿದುಹೋದರು. ಹೊರಗೆ ಉಳಿದದ್ದು ತಲೆ, ಎರಡು ಪಾದ ಮತ್ತು ಕೋಟಿನ ಒಂದು ತೋಳು. ಎಳೆದರೆ ಬರಲಿಲ್ಲ, ಎಳೆದ ಕಡೆಯೆಲ್ಲ ಪಿನ್ನು. ಕೊನೆಗೆ ಮಟ್ಟಗೋಲೂ ದರ್ಜಿಯೂ ಸೇರಿ ಡ್ರಮ್ಮನ್ನೇ ಅಡ್ಡ ಕೆಡವಿ, ಅಡುಗೆಮನೆಯುದ್ದಕ್ಕೂ ಉರುಳಿಸಿ, ಮೇಷ್ಟ್ರನ್ನು ಧಾನ್ಯದ ಸಮೇತ ಸುರಿದರು. ಉರುಳುವಾಗ ಡ್ರಮ್ಮಿಗೆ ಸಿಕ್ಕಿ ಮೇಜು ಜರುಗಿತು, ಗಂಟು ಬಿತ್ತು, ಪರದೆ ಸುತ್ತಿಕೊಂಡು ಹೋಯಿತು. ಗೋಡೆಯ ಕೆಳಗೆ ಆ ಕಲ್ಲು ಬೆತ್ತಲೆಯಾಗಿ ಹೊಳೆಯಿತು.

ಮೇಡಂ ಮೊಣಕಾಲೂರಿ ಅದನ್ನು ನೋಡಿದರು. ಅನಂತರ ಎದ್ದು, ಮುಂಬಾಗಿಲಿನಿಂದ ಹೊರಟು, ಸುತ್ತು ಹಾಕಿ ಹಿತ್ತಿಲ ಓಣಿಗೆ ನಡೆದರು. ಎಲ್ಲರೂ ಬೆನ್ನು ಹತ್ತಿದರು. ಮನೆಯ ಹಿಂಗೋಡೆಗೂ ಯಾವುದೋ ತಲೆಮಾರಿನವರು ದಪ್ಪಗೆ ಗಾರೆ ಬಳಿದಿದ್ದರು, ಅದಕ್ಕೆ ಒರಗಿ ಸೌದೆಯ ರಾಶಿಯಿತ್ತು. ಮೇಡಂ ಹೇಳಿದಲ್ಲಿ ಮಟ್ಟಗೋಲು ಸೌದೆ ಸರಿಸಿ ನಾಲ್ಕು ಪೆಟ್ಟು ಹಾಕಿದ. ಗಾರೆ ಬಿದ್ದ ಜಾಗದಲ್ಲಿ ಕಂಡ ಇಟ್ಟಿಗೆಗಳನ್ನು ದರ್ಜಿ ತನ್ನ ಮನೆಯಲ್ಲಿ ಎಂದೂ ಕಂಡಿರಲಿಲ್ಲ. ಉಜ್ಜಿ ನಯ ಮಾಡಿದ, ಒಂದು ಕೆಂಪು ಒಂದು ಕಪ್ಪು ಜೋಡಿಸಿದ ಕಮಾನು. ಅದರ ಸುತ್ತ ಹಗ್ಗ ಹೆಣೆದಂತೆ ತಿರುಚಿದ ಇಟ್ಟಿಗೆಯ ಅಂಚು.

ಎಂದೂ ನಗದ ಮೇಡಂ ನಕ್ಕರು.

"ಇದು ಹಿಂಬಾಗಿಲಲ್ಲ. ಇದೇ ನಿಮ್ಮ ಮನೆಯ ಮುಂಬಾಗಿಲು. ಆಗ ಊರಿನ ದೊಡ್ಡ ಬೀದಿ ಈ ಓಣೀನೇ ಇರಬೇಕು. ನೋಡಿ, ಈ ಅಲಂಕಾರವೆಲ್ಲ ಯಾರಾದ್ರೂ ಹಿತ್ತಿಲಿಗೆ ಮಾಡಿಸ್ತಾರಾ? ಬೀದಿ ಆ ಕಡೆ ಹೋದಮೇಲೆ ಯಾರೋ ಇದನ್ನ ಮುಚ್ಚಿ ಅಲ್ಲಿ ಗೋಡೆ ಒಡೆದು ಬಾಗಿಲು ಮಾಡ್ಕೊಂಡಿದಾರೆ. ಇಷ್ಟು ಕಾಲ ನಿಮ್ಮ ಮನೆ ಊರಿಗೆ ಬೆನ್ನು ಕೊಟ್ಟು ನಿಂತಿದೆ!"

ದರ್ಜಿಗೆ ಅರ್ಥವಾದದ್ದು ತನ್ನ ಕಸುಬಿನ ಲೆಕ್ಕದಲ್ಲಿ. ಅವನ ತಾತ, ಅಪ್ಪ, ಅವನು, ಮೂವರೂ ಕೋಟಿನ ಒಳಮೈಯನ್ನು ಹೊರಗೆ ಮಾಡಿ ತೊಟ್ಟುಕೊಂಡು ಊರೆಲ್ಲ ಮೆರೆದಿದ್ದರು.

"ಈಗ ಇದನ್ನ ತೆಗೀಬಹುದಾ ಮೇಡಂ?" ಎಂದ.

"ತೆಗೀಬಹುದಾ ಅಂತ ಏನು? ತೆಗೀಲೇಬೇಕು. ನಾಳೆಯಿಂದಲೇ. ಈ ವರ್ಷದ ಪುನಃಸ್ಥಾಪನೆಗೆ ನಮಗೆ ಒಂದು ಮನೆ ಕಡಿಮೆ ಬಿದ್ದಿತ್ತು, ಕೆಲಸದವರು ಸುಮ್ಮನೆ ಕೂತಿದಾರೆ." ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಗೊಡದ ಕಚೇರಿ ಇದು. ದರ್ಜಿಗೆ ಕಿವಿಯನ್ನು ನಂಬಲಾಗಲಿಲ್ಲ. ಬಾಗಿಲಿನ ಮೇಜೂ ಇಲ್ಲ, ಫೈಲೂ ಇಲ್ಲ. ಅವನು ಮೇಷ್ಟ್ರ ಕಡೆ ದುರುಗುಟ್ಟಿ ನೋಡಿದ. ಮೇಷ್ಟ್ರು ಕಾಲರಿನಿಂದ ಧಾನ್ಯ ಕೊಡವುತ್ತಿದ್ದರು.

ಎಲ್ಲರೂ ಅಡುಗೆಮನೆಗೆ ಮರಳುವ ಹೊತ್ತಿಗೆ ಹೆಂಡತಿ ಬಂದು ನಿಂತಿದ್ದಳು. ಸಂಜೆ ಬಸ್ಸಿನವರೆಗೂ ಕಾಯಲಾಗದೆ ಮಧ್ಯಾಹ್ನದ ಬಸ್ಸಿಗೇ ಬಂದಿದ್ದಳು. ಕೈಯಲ್ಲಿ ಚೀಲ ಹಾಗೆಯೇ ಇತ್ತು. ನೆಲದ ಮೇಲೆ ಹರಡಿದ್ದ ಧಾನ್ಯ, ಸುಣ್ಣ, ಉರುಳಿ ಬಿದ್ದಿದ್ದ ಡ್ರಮ್ಮು ಯಾವುದನ್ನೂ ಅವಳು ನೋಡಲಿಲ್ಲ. ಕಮಾನಿನ ಮುಂದೆ ನಿಂತು ಒಂದು ಅಂಗೈಯನ್ನು ಇಟ್ಟಿಗೆಯ ಮೇಲೆ ಇಟ್ಟಳು.

"ಇದು ಪೂರ್ತಿ ತೆಗೀತಾರಾ?"

"ಪೂರ್ತಿ," ಎಂದರು ಮೇಡಂ. "ಎರಡು ಕದದ ಬಾಗಿಲು. ಮೇಲುಗಡೆ ಕಮಾನಿಗೆ ಜಾಲಂಧ್ರ ಇತ್ತು, ಅದನ್ನೂ ಕೂರಿಸ್ತೀವಿ. ಬಾಗಿಲು ಹಾಕಿದ್ರೂ ಗಾಳಿ ಆಡ್ತಿರುತ್ತೆ. ಬೆಳಗಿನ ಬಿಸಿಲು ನೇರ ಇಲ್ಲಿಗೇ ಬರುತ್ತೆ."

ಹೆಂಡತಿ ಚೀಲ ಕೆಳಗಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿ, ಅವನ ತಲೆಗೂದಲಿನ ಸುಣ್ಣವನ್ನು ಸೆರಗಿನ ತುದಿಯಿಂದ ಒರೆಸಿದಳು. "ಕಿಟಕಿ ಅಂದದ್ದಕ್ಕೆ ಬಾಗಿಲೇ ಮಾಡಿಸಿದ್ರಾ?" ಎಂದಳು ಮೆತ್ತಗೆ. ಊರವರ ಮುಂದೆ ಅವಳು ಹೀಗೆ ಮಾತಾಡಿದ್ದು ಯಾರಿಗೂ ನೆನಪಿರಲಿಲ್ಲ. ದರ್ಜಿ ಒಂದು ವಾರದಲ್ಲಿ ಮೊದಲ ಬಾರಿಗೆ ಸಂಪೂರ್ಣ ಸುಖಿಯಾಗಿದ್ದ.

ಆ ಸುಖ ಮೇಡಂ ಟಾರ್ಚನ್ನು ಆರಿಸುವವರೆಗೆ ಬಾಳಿತು.

"ಅಂದಹಾಗೆ, ಬೀದಿ ಕಡೆ ಬಾಗಿಲನ್ನ ನಾಳೆ ಮುಚ್ಚಿಬಿಡ್ತೀವಿ."

"ಮುಚ್ಚೋದಾ? ಯಾಕೆ?"

"ಅದು ಮೂಲದ್ದಲ್ಲವಲ್ಲ. ಯಾರೋ ಆಮೇಲೆ ಕೊರೆದದ್ದು. ಮನೆಯನ್ನ ಮೊದಲಿದ್ದ ಹಾಗೆ ಮಾಡೋದು ಅಂದ್ರೆ ಇದು ತೆರೀಬೇಕು, ಅದು ಮುಚ್ಚಬೇಕು."

"ಮೇಡಂ, ಅಲ್ಲಿ ನನ್ನ ಅಂಗಡಿ ಇದೆ! ಬೆಳಕು ಬರೋದೇ ಆ ಬಾಗಿಲಿಂದ. ಮುಚ್ಚೋದಿದ್ರೆ ಮುಚ್ಚಿ, ಒಂದು ಕಿಟಕಿಯಾದ್ರೂ ಬಿಡಿ."

"ಅಲ್ಲಿ ಕಿಟಕಿ ಇರಲೇ ಇಲ್ಲ. ಹೊಸದು ಕೊಡಕ್ಕಾಗಲ್ಲ. ನಿಮಗೆ ಹೋದ ವರ್ಷವೇ ಹೇಳಿದೀನಿ."

ಮಟ್ಟಗೋಲು ಸಹಾಯಕ್ಕೆ ಧಾವಿಸಿದ. ಮುಂದಿನ ಕೋಣೆಗೆ ಹೋಗಿ ಕಿವಿ ಹಚ್ಚಿ, ಬಾಗಿಲಿನ ಎಡಬಲವೆಲ್ಲ ತಟ್ಟಿ, ಸಪ್ಪೆ ಮುಖ ಹೊತ್ತು ಬಂದ. "ಗಟ್ಟಿ ಕಣಣ್ಣ. ಎಲ್ಲೂ ಪೊಳ್ಳಿಲ್ಲ. ಬಹಳ ಒಳ್ಳೇ ಗೋಡೆ."

"ಯಾವ ಕೋಣೇನ ಯಾವುದಕ್ಕೆ ಬಳಸ್ಕೋತೀರಿ ಅನ್ನೋದು ನಿಮಗೆ ಬಿಟ್ಟದ್ದು," ಎಂದರು ಮೇಡಂ ಉದಾರವಾಗಿ. "ನಮಗೆ ಇಟ್ಟಿಗೆ ಸರಿಯಿದ್ರೆ ಆಯ್ತು."

ದರ್ಜಿಯ ಮುಖ ಅರಳಿತು. ಅರಳಿದ ಮುಖದಲ್ಲಿ ಯೋಚಿಸದೆ ಬಾಯಿ ಬಿಟ್ಟ. "ಹಾಗಾದ್ರೆ ಸುಲಭ! ಮಿಷನ್ ಇಲ್ಲಿಗೆ ತರೋದು, ಒಲೆ ಅಲ್ಲಿಗೆ ಹಾಕೋದು!"

ಎದುರುಮನೆಯಾಕೆ, ಸುದ್ದಿ ಮುಟ್ಟಿಸಬೇಕಾದವಳು ಎದುರೇ ಇದ್ದರೂ, ಫೋನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕಿಟಕಿ ಇಲ್ಲದ, ಬಾಗಿಲೂ ಇಲ್ಲದ ಆ ಕೋಣೇಲಿ," ಎಂದಳು ಹೆಂಡತಿ, "ನಾನು ಬೇಯಿಸಬೇಕು."

"ಹಾಗಲ್ಲ ಕಣೇ..."

"ಮತ್ತೆ ಹೇಗೆ?"

ಹೇಗೂ ಇರಲಿಲ್ಲ. ದರ್ಜಿ ಮಟ್ಟಗೋಲನ್ನು ನೋಡಿದ. ಆತ ಗೋಡೆ ನೋಡಿದ. ಮೇಷ್ಟ್ರನ್ನು ನೋಡಿದ, ಅವರು ಪಿನ್ನು ಎಣಿಸುತ್ತಿದ್ದರು.

"ಒಲೆ ಇಲ್ಲೇ ಇರುತ್ತೆ," ಎಂದಳು ಹೆಂಡತಿ.

"ಇರಲಿ, ಇರಲಿ, ಧಾರಾಳವಾಗಿ ಇರಲಿ. ನಾನು ಅಲ್ಲೇ ದೀಪ ಹಾಕ್ಕೊಂಡು ಹೊಲೀತೀನಿ. ಗಿರಾಕಿಗಳು ಹೀಗೆ ಬಂದು, ಹೀಗೆ ಹಾದು..."

"ನನ್ನ ಒಲೆ ಪಕ್ಕದಲ್ಲಿ ಚಪ್ಪಲಿ ಮೆಟ್ಕೊಂಡು ಊರೆಲ್ಲ ಹಾದು ಹೋಗಬೇಕಾ? ನಾನು ಒಬ್ಬರನ್ನೂ ಬಿಡಲ್ಲ."

"ಮತ್ತೆ ನನ್ನ ಅಂಗಡಿ?"

ಅವಳು ಯೋಚಿಸಿದಳು. ಸಿಟ್ಟಿನಿಂದಲ್ಲ, ಗಂಡನ ಕಷ್ಟವನ್ನು ನಿಜವಾಗಿ ಮನಸ್ಸಿಗೆ ಹಚ್ಚಿಕೊಂಡು ಯೋಚಿಸಿದಳು. ದರ್ಜಿಗೆ ಹೆಚ್ಚು ದಿಗಿಲಾದದ್ದು ಅದರಿಂದಲೇ.

"ಅಕ್ಕನ ಹಜಾರದಲ್ಲಿ ರಸ್ತೆ ಕಡೆಗೆ ಎಷ್ಟು ದೊಡ್ಡ ಕಿಟಕಿ ಇದೆ ಗೊತ್ತಾ? ದಿನವಿಡೀ ಬೆಳಕು. ಜನಾನೂ ಜಾಸ್ತಿ ಓಡಾಡ್ತಾರೆ. ಮಿಷನ್ ಅಲ್ಲಿಗೆ ಸಾಗಿಸಿ. ದಿನಾ ಹೋಗಿಬರೋಷ್ಟು ಬಸ್ಸಿಲ್ಲ, ಅಲ್ಲೇ ಇರಿ. ನನ್ನ ಹಾಸಿಗೆ ಇನ್ನೂ ಮಡಿಚಿಲ್ಲ, ಅದ್ರಲ್ಲೇ ಮಲ್ಕೊಳ್ಳಿ. ಅಕ್ಕನ ಬಾಯಿ ಸ್ವಲ್ಪ ಜೋರು, ಆದ್ರೆ ಮನಸ್ಸು ಒಳ್ಳೇದು. ಭಾನುವಾರ ಊಟಕ್ಕೆ ಇಲ್ಲಿಗೆ ಬನ್ನಿ."

"ಒಳ್ಳೇ ಏರ್ಪಾಡು," ಎಂದರು ಮೇಷ್ಟ್ರು. ಎದುರುಮನೆಯಾಕೆ ಆಗಲೇ ಅಕ್ಕನ ನಂಬರು ಒತ್ತಿದ್ದಳು.

ಅಷ್ಟರಲ್ಲಿ ಹೆಂಡತಿ ಕಮಾನಿನ ಕಡೆ ತಿರುಗಿ, ಎಲ್ಲಿ ನೀರಿನ ಕೊಡ, ಎಲ್ಲಿ ಕೂರುವ ಮಣೆ ಎಂದು ಮೇಡಮ್ಮಿಗೆ ವಿವರಿಸತೊಡಗಿದ್ದಳು. ಮೇಡಂ ಎರಡನೆಯ ಸಲ ನಕ್ಕರು. ಮಟ್ಟಗೋಲು ಮಿಷನ್ನನ್ನು ಒಂದು ಕಡೆ ಹಿಡಿದ, ದರ್ಜಿ ಇನ್ನೊಂದು ಕಡೆ ಹಿಡಿದ. ಯಾರ ಕಣ್ಣಿಗೂ ಬೀಳದೆ ಬಸ್ ಸ್ಟ್ಯಾಂಡು ಸೇರುವ ದಾರಿ ಯಾವುದೆಂದು ದರ್ಜಿ ಮುಖ ಸಪ್ಪಗೆ ಮಾಡಿಕೊಂಡು ಆಚೀಚೆ ನೋಡಿದ.

"ಮುಂಬಾಗಿಲಿಂದಲೇ ಹೋಗಿಬಿಡೋಣ ಬಾರಣ್ಣ," ಎಂದ ಮಟ್ಟಗೋಲು. "ನಾಳೆಯಿಂದ ಅದಿರಲ್ಲ."